‘ಗಮನಕ್ಕೆ ಬಂದಿದೆ’ ಅನ್ನೋ ಉತ್ತರ ಇಟ್ಕೊಂಡು ಏನ್ ಮಾಡ್ತೀರಿ ಮಾರಾಯ್ರೇ

ಅಧಿವೇಶನದ ಡೇಟ್ ಫಿಕ್ಸ್ ಆಯ್ತು ಅಂದ್ರೆ ನನ್ನ ವಾಟ್ಸಾಪ್ ತುಂಬಾ ಪ್ರಶ್ನೆಗಳು. ಶಾಸಕರ ಕಚೇರಿಲಿ ಕೂತು ಸದನಕ್ಕೆ ಹೋಗೋ ಪ್ರಶ್ನೆ ಬರೆಯೋದು, ಬಂದ ಉತ್ತರ ಓದಿ ಉಪಪ್ರಶ್ನೆ ರೆಡಿ ಮಾಡಿ ಕೊಡೋದು ನನ್ನ ಕೆಲ್ಸ. ಊರಿನವರು, ರೈತ ಸಂಘದವರು, ರಿಟೈರ್ಡ್ ಮೇಷ್ಟ್ರುಗಳು, ಒಮ್ಮೊಮ್ಮೆ ಶಾಸಕರೇ ಖುದ್ದಾಗಿ ಬರೆದು ಕಳ್ಸೋ ಡ್ರಾಫ್ಟ್‌ಗಳಲ್ಲಿ ಹತ್ತಕ್ಕೆ ಎಂಟು ಹೀಗಿರುತ್ತೆ:

“ಸದರಿ ತಾಲ್ಲೂಕಿನಲ್ಲಿ ಕುಡಿಯುವ ನೀರಿನ ತೀವ್ರ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ, ಸರ್ಕಾರ ಕೈಗೊಂಡಿರುವ ಕ್ರಮಗಳೇನು?”

ಇದಕ್ಕೆ ಉತ್ತರ ಏನು ಬರುತ್ತೆ ಅಂತ ನಾನು ನಿದ್ದೆಗಣ್ಣಲ್ಲೂ ಹೇಳ್ತೀನಿ. ಪ್ರಶ್ನೆಯ ಮೊದಲ ಭಾಗ ‘ಅ’ಗೆ “ಬಂದಿದೆ”. ಎರಡನೇ ಭಾಗ ‘ಆ’ಗೆ “ಅನುದಾನದ ಲಭ್ಯತೆಗೆ ಅನುಗುಣವಾಗಿ ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುವುದು”. ಇನ್ನೂ ಹುಷಾರಾಗಿರೋ ಇಲಾಖೆ ಆದ್ರೆ ‘ಅ’ಗೆ “ಬಂದಿರುವುದಿಲ್ಲ” ಅಂತ ಬರೆದು, ‘ಆ’ಗೆ “ಉದ್ಭವಿಸುವುದಿಲ್ಲ” ಅಂತ ಮುಗಿಸ್ತಾರೆ. ಎರಡು ಸಾಲು, ಕೆಳಗೆ ಸಚಿವರ ಸಹಿ. ಈ ಉತ್ತರ ಬರೆಯೋಕೆ ಆ ವಿಭಾಗದ ಗುಮಾಸ್ತರು ಕುರ್ಚಿ ಬಿಟ್ಟು ಏಳಬೇಕಿಲ್ಲ, ಹೋದ ಅಧಿವೇಶನದ ಉತ್ತರದಲ್ಲಿ ತಾಲ್ಲೂಕಿನ ಹೆಸರು ಬದಲಾಯಿಸಿದ್ರೆ ಸಾಕು.

ಆಮೇಲೆ ನಮ್ಮ ಜನ “ಸರ್ಕಾರ ಹಾರಿಕೆ ಉತ್ತರ ಕೊಡ್ತು” ಅಂತ ಪೋಸ್ಟ್ ಹಾಕ್ತಾರೆ. ಹಾರೋಕೆ ಜಾಗ ಬಿಟ್ಟಿದ್ದು ಯಾರು ಸ್ವಾಮಿ?

ನಾನು ಬಾಯಿ ನೋಯೋ ಥರ ಹೇಳೋದು ಒಂದೇ ಮಾತು. ಪ್ರಶ್ನೆಲಿ ಕ್ರಮ ಕೇಳ್ಬೇಡಿ, ಲೆಕ್ಕ ಕೇಳಿ. ಕ್ರಮ ಕೇಳಿದ್ರೆ ಭರವಸೆ ಸಿಗುತ್ತೆ. ಲೆಕ್ಕ ಕೇಳಿದ್ರೆ ಯಾರೋ ಒಬ್ಬರು ಎದ್ದು ಹೋಗಿ ಎಣಿಸಬೇಕಾಗುತ್ತೆ, ಎಣಿಸಿದ್ದಕ್ಕೆ ಸಹಿ ಹಾಕಬೇಕಾಗುತ್ತೆ. ಆ ಸಹಿಗೇ ಎಲ್ಲರೂ ಹೆದರೋದು.

ಅದೇ ನೀರಿನ ವಿಷ್ಯ ತಗೊಳ್ಳಿ. ಜಲ ಜೀವನ್ ಮಿಷನ್ ಶುರುವಾಗಿದ್ದು 2019ರಲ್ಲಿ, ಹಳ್ಳಿಯ ಪ್ರತಿ ಮನೆಗೆ ನಲ್ಲಿ, ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನೋದು ಅದರ ಗುರಿ. ಎಷ್ಟೋ ಊರಲ್ಲಿ ಮನೆ ಮುಂದೆ ನಲ್ಲಿ ನಿಂತಿದೆ, ನೀರು ಮಾತ್ರ ಬರಲ್ಲ. ಈಗ ಪ್ರಶ್ನೆ ಹೀಗೆ ಬರೀರಿ. ತಾಲ್ಲೂಕಿನಲ್ಲಿ ಪೂರ್ಣಗೊಂಡಿದೆ ಅಂತ ತೋರಿಸಿರೋ ಕಾಮಗಾರಿಗಳೆಷ್ಟು, ಗ್ರಾಮವಾರು ವಿವರ ಕೊಡಿ. ಪ್ರತಿ ಕಾಮಗಾರಿಗೆ ಅಂದಾಜು ಮೊತ್ತ, ಪಾವತಿಯಾದ ಮೊತ್ತ, ಅಂತಿಮ ಬಿಲ್ ಪಾವತಿಸಿದ ದಿನಾಂಕ, ಪಂಚಾಯ್ತಿಗೆ ಹಸ್ತಾಂತರವಾದ ದಿನಾಂಕ. ಆ ಊರಿನ ನೀರಿನ ಮೂಲ ಯಾವುದು, ಕೊಳವೆಬಾವಿ ಆದ್ರೆ ಇವತ್ತು ಚಾಲ್ತಿಲಿ ಇದೆಯಾ ಇಲ್ವಾ. ನಲ್ಲಿ ಹಾಕಿರೋ ಮನೆಗಳೆಷ್ಟು, ಅದರಲ್ಲಿ ನೀರು ಬರ್ತಿರೋ ಮನೆಗಳೆಷ್ಟು. ಅಷ್ಟೇ. ಎಲ್ಲೂ ಬೈದಿಲ್ಲ, ‘ತೀವ್ರ’ ಅಂತಿಲ್ಲ, ‘ಘೋರ’ ಅಂತಿಲ್ಲ.

ಈ ಕಾಗದ ಇಲಾಖೆಗೆ ಹೋದ್ಮೇಲೆ ಒಳಗೆ ಏನಾಗುತ್ತೆ ಅಂತ ಹೊರಗಿನವರಿಗೆ ಗೊತ್ತಾಗಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಸಚಿವಾಲಯದಲ್ಲಿ ಗ್ರಾಮವಾರು ಲೆಕ್ಕ ಇರಲ್ಲ, ಹಾಗಾಗಿ ಪ್ರಶ್ನೆ ಕೆಳಗಿಳಿಯುತ್ತೆ, ಜಿಲ್ಲಾ ಪಂಚಾಯ್ತಿಗೆ, ಅಲ್ಲಿಂದ ಎಕ್ಸಿಕ್ಯೂಟಿವ್ ಎಂಜಿನಿಯರ್‌ಗೆ, ಅವರಿಂದ ಎಇಇಗೆ (ಅಸಿಸ್ಟೆಂಟ್ ಎಕ್ಸಿಕ್ಯೂಟಿವ್ ಎಂಜಿನಿಯರ್), ಕೊನೆಗೆ ಊರೂರು ತಿರುಗೋ ಜೆಇ, ಅಂದ್ರೆ ಜೂನಿಯರ್ ಎಂಜಿನಿಯರ್ ಮೇಜಿಗೆ. ಮೇಲೆ ಕೆಂಪಕ್ಷರದಲ್ಲಿ ‘ಎಲ್‌ಎ ಪ್ರಶ್ನೆ, ಅತಿ ತುರ್ತು’ ಅಂತ ಬರೆದಿರುತ್ತೆ, ಎಲ್‌ಎ ಅಂದ್ರೆ ವಿಧಾನಸಭೆ. ಕಾಮಗಾರಿ ಮುಗಿದಿದೆ ಅಂತ ಅಳತೆ ಪುಸ್ತಕದಲ್ಲಿ ಬರೆದವರೂ ಅದೇ ಜೆಇ, ಈಗ ನೀರು ಬರೋ ಮನೆ ಎಷ್ಟು ಅಂತ ಬರೀಬೇಕಾದವರೂ ಅದೇ ಜೆಇ. ಸುಳ್ಳು ಬರೆದ್ರೆ ಅದು ಸಚಿವರ ಬಾಯಿಂದ ಸದನಕ್ಕೆ ಹೋಗುತ್ತೆ, ಸದನಕ್ಕೆ ತಪ್ಪು ಮಾಹಿತಿ ಕೊಟ್ರೆ ಸದನದ ಹಕ್ಕಿಗೆ ಧಕ್ಕೆ ಆಯ್ತು ಅನ್ನೋ ಹಕ್ಕುಚ್ಯುತಿ ವಿಚಾರ ಎದ್ದೇಳಬಹುದು, ಆಗ ಸಚಿವರು ಮೊದಲು ಹುಡುಕೋದು ಈ ಅಂಕಿ ಕೊಟ್ಟೋರು ಯಾರು ಅಂತ.

ಒಂದ್ಸಲ ಹೀಗೇ ಒಂದು ಪ್ರಶ್ನೆ ಹೋಗಿತ್ತು. ಒಂದು ಊರಲ್ಲಿ ಟ್ಯಾಂಕ್ ಇದೆ, ಪೈಪ್ ಇದೆ, ಮೋಟಾರ್ ಸುಟ್ಟು ತಿಂಗಳುಗಟ್ಟಲೆ ಆಗಿತ್ತು, ಅರ್ಜಿ ಕೊಟ್ಟೂ ಕೊಟ್ಟೂ ಜನ ಸುಸ್ತಾಗಿದ್ರು. ರಾತ್ರಿ ಊಟಕ್ಕೆ ಕೂತಾಗ ಜೆಇ ಫೋನ್. “ಸಾರ್, ಆ ಕೊನೇ ಕಾಲಂ ಒಂದು ಇಲ್ದೇ ಇದ್ರೆ ಆಗ್ತಿತ್ತಾ?” ಪಾಪ ಹುಡುಗ, ಮೂರು ಸೆಕ್ಷನ್‌ನ ಚಾರ್ಜ್ ಅವನೊಬ್ಬನ ತಲೆ ಮೇಲೆ, ಓಡಾಡೋದು ಸ್ವಂತ ಬೈಕ್‌ನಲ್ಲಿ. ನಂಗೂ ಅಯ್ಯೋ ಅನ್ನಿಸ್ತು. “ಕಾಲಂ ತೆಗೆಯೋ ಅಧಿಕಾರ ನಂಗಿಲ್ಲಪ್ಪ, ಮೋಟಾರ್ ಸರಿ ಮಾಡ್ಸಿದ್ರೆ ಕಾಲಂ ತಾನೇ ತುಂಬುತ್ತೆ” ಅಂದೆ. ಉತ್ತರ ಸದನಕ್ಕೆ ಬರೋ ಹೊತ್ತಿಗೆ ಅಲ್ಲಿ ಮೋಟಾರ್ ಓಡ್ತಿತ್ತು. ಪ್ರಶ್ನೆಯಿಂದಾನೇ ಆಯ್ತು ಅಂತ ನಾನು ಪ್ರಮಾಣ ಮಾಡಲ್ಲ, ಬಿಲ್ ಯಾವಾಗ ಸ್ಯಾಂಕ್ಷನ್ ಆಗಿತ್ತೋ ಏನೋ. ಆದ್ರೆ ಆ ಪ್ರಶ್ನೆ ಸದನದಲ್ಲಿ ಬಾಯಿಮಾತಿಗೆ ಬರಲೇ ಇಲ್ಲ ಅನ್ನೋದು ನೆನಪಿಟ್ಕೊಳ್ಳಿ. ಅದು ಚುಕ್ಕೆ ಗುರುತಿಲ್ಲದ ಪ್ರಶ್ನೆ, ಲಿಖಿತ ಉತ್ತರ ಅಷ್ಟೇ.

ಇದನ್ನ ಹೇಳಿದ್ರೆ ಜನಕ್ಕೆ ಸಮಾಧಾನ ಇಲ್ಲ. ಎಲ್ಲರಿಗೂ ಸದನದಲ್ಲೇ ಬಾಯಿಮಾತಿನ ಉತ್ತರ ಕೇಳೋ ಚುಕ್ಕೆ ಪ್ರಶ್ನೆನೇ ಬೇಕು, ನಮ್ಮ ಶಾಸಕರು ಎದ್ದು ನಿಂತು ಗುಡುಗಬೇಕು, ಮಂತ್ರಿ ತಡವರಿಸಬೇಕು, ಅದರ ಕ್ಲಿಪ್‌ಗೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಹಾಕ್ಬೇಕು. ಲೋಕಸಭೆಲಿ 543 ಸದಸ್ಯರಿಗೆ ದಿನಕ್ಕೆ 20 ಚುಕ್ಕೆ ಪ್ರಶ್ನೆ, ಅದೂ ಲಾಟರಿ ಎತ್ತಿ, ಆ ಇಪ್ಪತ್ತರಲ್ಲೂ ಎಲ್ಲಕ್ಕೂ ಬಾಯಿಮಾತಿನ ಉತ್ತರ ಸಿಗೋ ದಿನ ಬಹಳ ಅಪರೂಪ. ಲಿಖಿತ ಉತ್ತರದವು ದಿನಕ್ಕೆ 230. ನಮ್ಮ ವಿಧಾನಸಭೆಲೂ 224 ಜನಕ್ಕೆ ಇರೋದು ಒಂದು ಗಂಟೆ, ಅದೂ ಯಾರೂ ಧರಣಿಗೆ ಅಂತ ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗಿಳಿಯದೇ ಇದ್ರೆ. ಧರಣಿ ಆಯ್ತು ಅಂದ್ರೆ “ಉತ್ತರಗಳನ್ನು ಮಂಡಿಸಲಾಗಿದೆ” ಅಂತ ಆ ದಿನದ ಪ್ರಶ್ನೋತ್ತರ ಮುಗೀತು. ತುರ್ತು ವಿಷ್ಯ ಎತ್ತೋ ಶೂನ್ಯ ವೇಳೆಲಿ ಕೂಗಿದ್ದೂ ಅಷ್ಟೇ, ಮಂತ್ರಿ “ಉತ್ತರ ಕಳ್ಸಿಕೊಡ್ತೀನಿ” ಅಂದ್ರೆ ಅಲ್ಲಿಗಾಯ್ತು.

ಗುಡುಗೋದು ಬೇಡವೇ ಬೇಡ ಅಂತಿಲ್ಲ. 1957ರಲ್ಲಿ ಎಲ್‌ಐಸಿ ದುಡ್ಡಲ್ಲಿ ಉದ್ಯಮಿ ಹರಿದಾಸ್ ಮುಂದ್ರಾ ಕಂಪನಿಗಳ ಷೇರು ಕೊಂಡ ವಿಷ್ಯದಲ್ಲಿ ಫಿರೋಜ್ ಗಾಂಧಿ ಲೋಕಸಭೆಲಿ ಗುಡುಗಿದ್ರು, ತಾವೇ ಆಳುವ ಪಕ್ಷದವರು, ಮೇಲಾಗಿ ಪ್ರಧಾನಿ ಅಳಿಯ. ಆದ್ರೆ ಅದು ಮೊದಲು ಸದನಕ್ಕೆ ಬಂದಿದ್ದು ಪ್ರಶ್ನೆ ರೂಪದಲ್ಲಿ. ಎಷ್ಟಕ್ಕೆ ಕೊಂಡ್ರಿ, ಯಾವಾಗ ಕೊಂಡ್ರಿ, ಯಾರು ಹೇಳಿದ್ರು ಅನ್ನೋ ಲೆಕ್ಕದ ಮೇಲೇ ಆ ವಾದವೆಲ್ಲ ನಿಂತಿತ್ತು. ಸುಮಾರು 1.24 ಕೋಟಿ ರೂಪಾಯಿ ವ್ಯವಹಾರ, ಚಾಗ್ಲಾ ಆಯೋಗದ ವಿಚಾರಣೆ ಆಯ್ತು, 1958ರ ಫೆಬ್ರವರಿಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ರು. ಕೈಯಲ್ಲಿ ಕಾಗದ ಇಲ್ದೇ ಗುಡುಗಿದ್ರೆ ಮಳೆ ಬರಲ್ಲ.

“ಲೆಕ್ಕನೇ ಇಲ್ಲ ಅಂದ್ಬಿಟ್ರೆ?” ಅಂತ ಕೇಳ್ತಾರೆ. ಅದೂ ಒಳ್ಳೇ ಉತ್ತರಾನೇ! 2020ರ ಸೆಪ್ಟೆಂಬರ್‌ನಲ್ಲಿ, ಕೋವಿಡ್ ಅಂತ ಸಂಸತ್ತಿನ ಪ್ರಶ್ನೋತ್ತರ ಅವಧಿನೇ ರದ್ದು ಮಾಡಿದ್ದ ಅಧಿವೇಶನದಲ್ಲಿ, ಲಾಕ್‌ಡೌನ್‌ ಹೊತ್ತಲ್ಲಿ ಊರಿಗೆ ಹೊರಟು ಸತ್ತ ವಲಸೆ ಕಾರ್ಮಿಕರೆಷ್ಟು, ಅವರ ಮನೆಯವರಿಗೆ ಪರಿಹಾರ ಕೊಟ್ರಾ ಅಂತ ಲಿಖಿತ ಪ್ರಶ್ನೆ ಹೋಯ್ತು. ಅಂಥ ಮಾಹಿತಿ ಇಟ್ಟಿಲ್ಲ, ಹಾಗಾಗಿ ಪರಿಹಾರದ ಪ್ರಶ್ನೆ ಉದ್ಭವಿಸಲ್ಲ ಅಂತ ಕಾರ್ಮಿಕ ಸಚಿವಾಲಯ ಉತ್ತರ ಕೊಡ್ತು. ಆ ಎರಡು ಸಾಲು ದೇಶದ ಎಲ್ಲಾ ಪೇಪರ್‌ಗಳಲ್ಲೂ ಬಂತು. ಅದೇ ವಿಷ್ಯನ “ಕಾರ್ಮಿಕರ ಸಂಕಷ್ಟ ಸರ್ಕಾರದ ಗಮನಕ್ಕೆ ಬಂದಿದೆಯೇ” ಅಂತ ಕೇಳಿದ್ರೆ ಯೋಜನೆಗಳ ದೊಡ್ಡ ಪಟ್ಟಿ ಬರ್ತಿತ್ತು, ಯಾರೂ ಓದ್ತಿರಲಿಲ್ಲ.

ನಂಗನ್ಸೋದು, ಇದು ಹಳೇ ಅಭ್ಯಾಸ. ದಿವಾನ್ ರಂಗಾಚಾರ್ಲು ಕಾಲದಲ್ಲಿ, 1881ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಶುರುವಾದಾಗ ಊರೂರಿಂದ ಬಂದವರು ದಿವಾನರ ಮುಂದೆ ಅಹವಾಲು ಹೇಳ್ಕೊಳ್ತಿದ್ರು, ಅವರಿಗೆ ಅಷ್ಟೇ ಅವಕಾಶ ಇದ್ದಿದ್ದು. ನಾವು ಇವತ್ತಿಗೂ ಪ್ರಶ್ನೆ ಅಂದ್ಕೊಂಡು ಅಹವಾಲನ್ನೇ ಬರೀತೀವಿ. ಅಹವಾಲು ಕೊಡೋಕೆ ಜನಸ್ಪಂದನ ಇದೆ, ಮಂತ್ರಿ ಮನೆ ಬಾಗಿಲಿದೆ, ಮದುವೆ ಮನೆಲಿ ಸಿಕ್ಕಾಗ ಕೈಗೆ ಕೊಡೋ ಲೆಟರ್ ಇದೆ. ಸದನದ ಪ್ರಶ್ನೆನ ಅದಕ್ಕೆ ಹಾಳು ಮಾಡ್ಬೇಡಿ.

ಇನ್ನೊಂದು. “ಪರಿಶೀಲನೆಯಲ್ಲಿದೆ” ಅಂತ ಉತ್ತರ ಬಂದ ತಕ್ಷಣ ಹರಿದು ಬಿಸಾಡ್ಬೇಡಿ. ಲೋಕಸಭೆಲಿ 1953ರಿಂದಲೇ ಸರ್ಕಾರಿ ಭರವಸೆಗಳ ಸಮಿತಿ ಇದೆ, ಯಾವ್ಯಾವ ಮಾತು ಭರವಸೆ ಅಂತ ಲೆಕ್ಕಕ್ಕೆ ಬರುತ್ತೆ ಅನ್ನೋದಕ್ಕೆ ಅವರ ಹತ್ರ ಪಟ್ಟಿನೇ ಇದೆ, “ವಿಷಯ ಪರಿಶೀಲನೆಯಲ್ಲಿದೆ”, “ಮಾಹಿತಿ ಸಂಗ್ರಹಿಸಲಾಗುತ್ತಿದೆ” ಎರಡೂ ಅದರಲ್ಲಿವೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಆಗದಿದ್ರೆ ಸಮಯ ಕೇಳ್ಬೇಕು. ನಮ್ಮ ಎರಡೂ ಸದನಗಳಲ್ಲೂ ಭರವಸೆಗಳ ಸಮಿತಿ ಇದೆ. ಎಲ್ಲಾ ಉತ್ತರನೂ ಅಲ್ಲಿಗೆ ಹೋಗುತ್ತೆ, ಹೋದದ್ದೆಲ್ಲಾ ಈಡೇರುತ್ತೆ ಅಂತ ನಾನು ಹೇಳ್ತಿಲ್ಲ, ವರ್ಷಗಟ್ಟಲೆ ಕೊಳೆಯೋದೂ ಉಂಟು. ಆದ್ರೆ ಆ ಉತ್ತರದ ಕಾಪಿ ಇಟ್ಕೊಂಡು ಮುಂದಿನ ಅಧಿವೇಶನಕ್ಕೆ “ಇಂಥ ದಿನದ ಇಂಥ ನಂಬರಿನ ಪ್ರಶ್ನೆಗೆ ಪರಿಶೀಲನೆಯಲ್ಲಿದೆ ಎಂದು ಉತ್ತರಿಸಲಾಗಿತ್ತು, ಪರಿಶೀಲನೆ ಮುಗಿದ ದಿನಾಂಕವೇನು” ಅಂತ ಕೇಳಿ ನೋಡಿ. ಮೊದಲ್ನೇ ಸಲಕ್ಕಿಂತ ಉದ್ದದ ಉತ್ತರ ಬರುತ್ತೆ, ಸಾಮಾನ್ಯವಾಗಿ.

ಉಳಿದದ್ದು ಚಿಲ್ಲರೆ ವಿಷ್ಯ, ಬೇಗ ಹೇಳಿ ಮುಗಿಸ್ತೀನಿ. ರಾಷ್ಟ್ರೀಯ ಹೆದ್ದಾರಿ ಗುಂಡಿ ಬಗ್ಗೆ ಬೆಂಗಳೂರಲ್ಲಿ ಕೇಳಿದ್ರೆ ಕೇಂದ್ರದ ಕಡೆ ಕೈ ತೋರಿಸ್ತಾರೆ, ಅದನ್ನ ನಿಮ್ಮ ಎಂಪಿಗೆ ಕೊಡಿ. ಕೋರ್ಟಲ್ಲಿರೋ ವಿಷ್ಯ ಸಾಮಾನ್ಯವಾಗಿ ಅಂಗೀಕಾರ ಆಗಲ್ಲ, ಆಗ್ಬೇಕೋ ಬೇಡ್ವೋ ಅನ್ನೋದು ಸಭಾಧ್ಯಕ್ಷರ ತೀರ್ಮಾನ, ನನ್ನ ಮೇಲೆ ಕೋಪ ಮಾಡ್ಕೊಂಡು ಪ್ರಯೋಜನ ಇಲ್ಲ. ಅಧಿವೇಶನ ಶುರುವಾದ ಮೇಲೆ ಡ್ರಾಫ್ಟ್ ತರಬೇಡಿ, ನೋಟಿಸ್ ಕೊಡೋ ಗಡುವು ಅಷ್ಟೊತ್ತಿಗೆ ದಾಟಿರುತ್ತೆ. ಬರುವಾಗ ಪುಟಗಟ್ಟಲೆ ಪೀಠಿಕೆ ಬೇಡ, ಊರಿನ ಹೆಸರು, ಕಾಮಗಾರಿ ಹೆಸರು, ಬೋರ್ಡ್ ಹಾಕಿದ್ರೆ ಅದರದ್ದೊಂದು ಫೋಟೋ ಸಾಕು. ಮತ್ತೆ, ಸೊಸೆ ಟ್ರಾನ್ಸ್‌ಫರ್ ವಿಷ್ಯನ “ಪ್ರಶ್ನೆಲಿ ಹೆಂಗಾದ್ರೂ ಸೇರಿಸಿ ಸಾರ್” ಅಂತ ಪ್ರತಿ ಸಲ ಬರೋ ನಮ್ಮ ಹಿರಿಯರೊಬ್ಬರಿದ್ದಾರೆ. ಬನ್ನಿ ಅಣ್ಣ, ಕಾಫಿ ಕುಡಿಯೋಣ, ಅದನ್ನ ಮಾತ್ರ ಸೇರ್ಸಕ್ಕಾಗಲ್ಲ.