ಅಂಗೋಲ ಯಾರ ಪಾಲು ಎಂದು ಕೇಳುವವರಿಗೆ

ಆಫ್ರಿಕಾಕ್ಕೆ ಯಂತ್ರೋಪಕರಣ ರಫ್ತು ಮಾಡಲು ಹೊರಟವರಿಗೆ ಸಾಲ, ಕರಾರುಗಳ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರ ಫೋನಿನಲ್ಲಿ ಬಣ್ಣ ಬಳಿದ ನಕಾಶೆಯೊಂದು ಇದ್ದೇ ಇರುತ್ತದೆ. ಕೆಂಪು ಚೀನಾದ್ದು, ನೀಲಿ ಅಮೆರಿಕದ್ದು. "ಸರ್, ಅಂಗೋಲ ಈಗ ಯಾರ ಕಡೆ?" ಕೇಳಿ ಕೇಳಿ ಸಾಕಾಗಿದೆ.

ಲೊಬಿಟೊ ಬಂದರಿನಿಂದ ಕಾಂಗೋ ಗಡಿಯವರೆಗಿನ ಸುಮಾರು 1,300 ಕಿ.ಮೀ. ಉದ್ದದ ಬೆಂಗೆಲಾ ರೈಲು ಮಾರ್ಗವನ್ನೇ ನೋಡಿ. ಪೋರ್ಚುಗೀಸರ ಕಾಲದಲ್ಲಿ ಬ್ರಿಟಿಷ್ ಬಂಡವಾಳದಿಂದ ಆದದ್ದು, ಅಂತರ್ಯುದ್ಧದಲ್ಲಿ ಹಾಳಾಯಿತು. ಚೀನಾದ ಕಂಪನಿ ಅದನ್ನು ಮತ್ತೆ ಕಟ್ಟಿ 2014ರಲ್ಲಿ ಮುಗಿಸಿತು. ಈಗ ಅಲ್ಲಿ ಸರಕು ಸಾಗಿಸುವ 30 ವರ್ಷದ ಹಕ್ಕು ಟ್ರಾಫಿಗುರಾ, ಮೋಟಾ-ಎಂಜಿಲ್, ವೆಕ್ಟುರಿಸ್ ಎಂಬ ಮೂರು ಖಾಸಗಿ ಕಂಪನಿಗಳ ಕೂಟದ್ದು. ಆ ಕೂಟದ ಕಂಪನಿಗೆ 55.3 ಕೋಟಿ ಡಾಲರ್ ಸಾಲ ಕೊಡಲು ಮುಂದಾದದ್ದು ಅಮೆರಿಕ ಸರ್ಕಾರದ ಹಣಕಾಸು ಸಂಸ್ಥೆ. 2024ರ ಡಿಸೆಂಬರ್‌ನಲ್ಲಿ ಬೈಡನ್ ಖುದ್ದಾಗಿ ಲೊಬಿಟೊಗೆ ಹೋದರು. ಅಷ್ಟರಲ್ಲಿ ಮೋಟಾ-ಎಂಜಿಲ್‌ನ ಶೇ. 30ಕ್ಕೂ ಹೆಚ್ಚು ಷೇರು ಚೀನಾದ ಸರ್ಕಾರಿ ಕಂಪನಿಯ ಕೈಯಲ್ಲಿತ್ತು! ಈಗ ಯಾವ ಬಣ್ಣ ಬಳಿಯುತ್ತೀರಿ?

ಕೇಳಬೇಕಾದದ್ದು, ಸಾಲ ತೀರಿಸುವವರು ಯಾರು, ಯಾವ ದುಡ್ಡಿನಿಂದ ಎಂದು. ಅಂಗೋಲ ಸರ್ಕಾರ ಚೀನಾದಿಂದ ತಂದ ದೊಡ್ಡ ಸಾಲಗಳಿಗೆ ಕಚ್ಚಾ ತೈಲವೇ ಆಧಾರ. ತೈಲ ಬೆಲೆ ಬಿದ್ದರೆ ಏಟು ಬೀಳುವುದು ಬಜೆಟ್ಟಿಗೆ. ಅಮೆರಿಕದ ಈ ಸಾಲವನ್ನು ರೈಲು ಓಡಿಸುವ ಕಂಪನಿಯೇ ತೀರಿಸಬೇಕು. ಕಾಂಗೋದ ತಾಮ್ರ, ಕೋಬಾಲ್ಟ್ ಆ ದಾರಿಗೆ ಬಾರದಿದ್ದರೆ ಮೊದಲು ಕೈ ಸುಟ್ಟುಕೊಳ್ಳುವುದು ಅದು. ಹಾಗೆಂದು ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎನ್ನಲಾರೆ. ಕರಾರು ಪತ್ರ ಓದದೆ ಹಾಗೆ ಹೇಳಬಾರದು. ಎಷ್ಟೋ ಕರಾರುಗಳು ಓದಲು ಸಿಗುವುದೂ ಇಲ್ಲ.

ಪೀಣ್ಯದ ಪಂಪ್ ತಯಾರಕರೊಬ್ಬರಿದ್ದಾರೆ. ಬಲು ಒಳ್ಳೆಯ ಮನುಷ್ಯ, ಬಂದಾಗಲೆಲ್ಲ ಕೋಡುಬಳೆ ತರುತ್ತಾರೆ. "ಭಾರತ ಅಂಗೋಲಕ್ಕೆ ಸಾಲ ಕೊಟ್ಟಿದೆಯಲ್ಲ, ನನ್ನ ದುಡ್ಡು ಎಲ್ಲಿ ಹೋಗುತ್ತೆ?" ಎಂದು ಅಲ್ಲಿನ ಖಾಸಗಿ ವ್ಯಾಪಾರಿಯ ಆರ್ಡರ್ ಹಿಡಿದು ಬಂದಿದ್ದರು. ಭಾರತ ಇಂಥ ಸಾಲ ಕೊಡುವುದು ಸರ್ಕಾರಿ ರಫ್ತು-ಆಮದು ಬ್ಯಾಂಕಾದ ಎಕ್ಸಿಮ್ ಬ್ಯಾಂಕಿನ ಮೂಲಕ, ಅದೂ ಸರ್ಕಾರಗಳು ಒಪ್ಪಿದ ಯೋಜನೆಗೆ. ಸಾಮಾನ್ಯವಾಗಿ ಶೇ. 75ರಷ್ಟು ಸರಕು, ಸೇವೆ ಭಾರತದಿಂದಲೇ ಹೋಗಬೇಕು, ಹಣವೂ ಇಲ್ಲಿನ ರಫ್ತುದಾರನ ಖಾತೆಗೇ ಬರುತ್ತದೆ. ಚೀನಾದ ರಿಯಾಯಿತಿ ಸಾಲಗಳಿಗೂ ಇಂಥದೇ ಷರತ್ತುಂಟು. ಆ ಖಾಸಗಿ ವ್ಯಾಪಾರಿಯ ಜೇಬಿಗೆ ಭಾರತದ ಸಾಲದ ಒಂದು ಡಾಲರೂ ಇಳಿಯುವುದಿಲ್ಲ. ಅವರ ಬ್ಯಾಂಕಿನಿಂದ ಹಣ ಪಾವತಿಯ ಖಾತರಿ ಪತ್ರ, ಅಂದರೆ ಎಲ್‌ಸಿ ತೆರೆಸಿ, ದುಡ್ಡು ಬಾರದಿದ್ದರೆ ರಫ್ತುದಾರನ ನಷ್ಟ ಭರಿಸುವ ಸರ್ಕಾರಿ ಕಂಪನಿ ಇಸಿಜಿಸಿಯ ವಿಮೆ ಮಾಡಿಸಿ, ಆಮೇಲೆ ಪಂಪು ಹಡಗು ಹತ್ತಿಸಿ ಎಂದೆ. ಪ್ರೀಮಿಯಂ ಎಷ್ಟಾಗುತ್ತೆ ಎಂದು ಮುಖ ಸಿಂಡರಿಸಿದರು.