ಕಾರ್ನ್ ಸ್ನೇಕ್ ದಪ್ಪ ಆಗಿದೆಯಾ, ಊಟ ಎಷ್ಟು ಕೊಡಬೇಕು?

ಪ್ರಶ್ನೆ: ನಮ್ಮ ಮನೆ ಪೆರ್ಲದ ಹತ್ತಿರ. ನಾಲ್ಕು ವರ್ಷದ ಹೆಣ್ಣು ಕಾರ್ನ್ ಸ್ನೇಕ್ ಸಾಕಿದ್ದೇನೆ. ಉದ್ದ ನಾಲ್ಕು ಅಡಿ, ತೂಕ 720 ಗ್ರಾಂ. ವಾರಕ್ಕೊಮ್ಮೆ ಎರಡು ದೊಡ್ಡ ಇಲಿ ಕೊಡುತ್ತೇನೆ. ಎರಡೇ ದಿನಕ್ಕೆ ಮತ್ತೆ ಗಾಜಿನ ಹತ್ತಿರ ಬಂದು ತಲೆ ಎತ್ತಿ ಕಾಯುತ್ತಾಳೆ. ಹೊಟ್ಟೆಗೆ ಸಾಲುತ್ತಿಲ್ಲವಾ? ಅಥವಾ ಈಗಾಗಲೇ ಜಾಸ್ತಿ ಆಗಿದೆಯಾ?

ಉತ್ತರ: ಜಾಸ್ತಿ ಆಗಿದೆ. ನಾಲ್ಕು ಅಡಿಯ ಕಾರ್ನ್ ಸ್ನೇಕ್ ಸಾಮಾನ್ಯವಾಗಿ 350ರಿಂದ 500 ಗ್ರಾಂ ಒಳಗೆ ಇರುತ್ತದೆ. ನಿಮ್ಮವಳ ಮೈಕಟ್ಟು ಸ್ವಲ್ಪ ದೊಡ್ಡದೇ ಎಂದುಕೊಂಡರೂ 720 ಹೆಚ್ಚಾಯಿತು. ಹಾಗಂತ ಗಾಬರಿಯಾಗಿ ನಾಳೆಯಿಂದಲೇ ಉಪವಾಸ ಹಾಕಬೇಡಿ. ದಪ್ಪ ಹಾವಿಗೆ ಒಮ್ಮೆಲೇ ಊಟ ನಿಲ್ಲಿಸಿದರೆ ಮೈಯ ಕೊಬ್ಬೆಲ್ಲ ಕರಗಿ ಲಿವರ್ ಮೇಲೆ ಬೀಳುತ್ತದೆ. ಅದು ದಪ್ಪಕ್ಕಿಂತ ಅಪಾಯ.

ಗಾಜಿನ ಹತ್ತಿರ ಬಂದು ಕಾಯುವುದನ್ನು ಹಸಿವು ಎಂದು ತಿಳಿಯಬೇಡಿ. ಈ ಹಾವಿನ ಊರು ಅಮೆರಿಕದ ಆಗ್ನೇಯ ಭಾಗ, ಫ್ಲೋರಿಡಾ ಕಡೆ. ಅಲ್ಲಿ ಕಾಡಂಚಿನಲ್ಲಿ, ಜೋಳದ ಕಣಜದ ಸುತ್ತ ಇಲಿ ಹುಡುಕಿಕೊಂಡು ತಿರುಗುವ ಜೀವ ಅದು. ನಮ್ಮ ಅಡಿಕೆ ತೋಟದ ಕೇರೆ ಹಾವಿನ ಹಾಗೆಯೇ. ಮುಂದಿನ ಇಲಿ ಯಾವಾಗ ಸಿಗುತ್ತದೋ ಗೊತ್ತಿಲ್ಲದ ಕಾರಣ ಸಿಕ್ಕಿದಾಗಲೆಲ್ಲ ತಿನ್ನುವುದು ಅದರ ಅಭ್ಯಾಸ. ನಿಮ್ಮ ಕೈ ಕಂಡರೆ ಇಲಿ ಬರುತ್ತದೆ ಎಂದು ಕಲಿತಿದ್ದಾಳೆ, ಅಷ್ಟೇ. (ಕೇರೆಯ ಮಾತು ಬಂತು ಅಂತ ಹೇಳುತ್ತೇನೆ: ತೋಟದ ಕೇರೆಯನ್ನು ಹಿಡಿದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.)

ನನ್ನ ಕಾರ್ನ್ ಸ್ನೇಕ್ ಕೆಂಪಿಯನ್ನು ನೋಡಿ ಚಿಕ್ಕಮ್ಮ ಒಮ್ಮೆ ಕೇಳಿದ್ದರು, "ಪಾಪ, ಹದಿನೈದು ದಿನಕ್ಕೆ ಒಂದೇ ಊಟವಾ ಅದಕ್ಕೆ?" ಅವರ ಸಂಕಟ ನನಗೆ ಅರ್ಥವಾಗುತ್ತದೆ. ಬಂದವರಿಗೆ ಎರಡನೇ ಸಲ ಬಡಿಸದೆ ಎಲೆಯಿಂದ ಎಬ್ಬಿಸುವ ಕ್ರಮ ನಮ್ಮಲ್ಲಿ ಇಲ್ಲ ಅಲ್ವಾ? ಆದರೆ ನಾವು ತಿಂದದ್ದರಲ್ಲಿ ದೊಡ್ಡ ಪಾಲು ಮೈ ಬಿಸಿ ಇಟ್ಟುಕೊಳ್ಳಲು ಖರ್ಚಾಗುತ್ತದೆ. ಹಾವಿಗೆ ಆ ಖರ್ಚೇ ಇಲ್ಲ, ಬಿಸಿಯನ್ನು ಹೊರಗಿನಿಂದ ಪಡೆಯುತ್ತದೆ. 25 ಗ್ರಾಂನ ಒಂದು ಇಲಿಯಲ್ಲಿ ದೊಡ್ಡ ಕಾರ್ನ್ ಸ್ನೇಕ್ ಎರಡು ವಾರ ಆರಾಮವಾಗಿ ಇರುತ್ತದೆ. ಮಿಕ್ಕಿದ್ದೆಲ್ಲ ಹೊಟ್ಟೆಯೊಳಗೆ ನೆಣವಾಗಿ ಕೂರುತ್ತದೆ. ಚೆನ್ನಾಗಿ ನೋಡಿಕೊಂಡರೆ 15–20 ವರ್ಷ ಬದುಕುವ ಪ್ರಾಣಿಯ ಆಯಸ್ಸು ಇದರಿಂದಲೇ ಕಡಿಮೆಯಾಗುತ್ತದೆ.

ತಕ್ಕಡಿಗಿಂತ ಮೊದಲು ಕೈಯಲ್ಲಿ ನೋಡಿ. ಊಟವಾಗಿ ಐದು ದಿನ ಕಳೆದ ಮೇಲೆ ಅವಳನ್ನು ಎತ್ತಿಕೊಂಡು ಅಂಗೈ ಮೇಲಿಂದ ಮೆಲ್ಲಗೆ ಹರಿಯಲು ಬಿಡಿ. ಆರೋಗ್ಯದ ಹಾವಿನ ಮೈ ಬೇಕರಿ ಬ್ರೆಡ್ಡಿನ ತುಂಡಿನ ಹಾಗೆ ಇರುತ್ತದೆ. ಕೆಳಗೆ ಚಪ್ಪಟೆ, ಪಕ್ಕ ಮತ್ತು ಮೇಲೆ ದುಂಡು. ಬೆನ್ನುಮೂಳೆ ಎದ್ದು, ಎರಡೂ ಕಡೆ ಹೆಂಚಿನ ಮಾಡಿನ ಹಾಗೆ ಇಳಿಜಾರಾಗಿದ್ದರೆ ಬಡಕಲು. ಬಾಳೆದಿಂಡಿನ ಹಾಗೆ ಪೂರ್ತಿ ದುಂಡಗಿದ್ದರೆ, ಸುತ್ತಿಕೊಂಡಾಗ ಪಕ್ಕದಲ್ಲಿ ಮಡಿಕೆ ಬಿದ್ದರೆ, ಹುರುಪೆಗಳ ನಡುವೆ ಬಿಳಿ ಚರ್ಮ ಕಂಡರೆ ಅದು ಕೊಬ್ಬು. ಬಾಲದ ಬುಡವನ್ನೂ ನೋಡಿ. ಮೈ ನಿಧಾನವಾಗಿ ಸಪೂರವಾಗುತ್ತಾ ಬಾಲವಾಗಬೇಕು. ದಪ್ಪದವರಲ್ಲಿ ಮೈ ಅಗಲವಾಗಿಯೇ ಬಂದು ಅಲ್ಲಿ ಒಮ್ಮೆಲೇ ಕಿರಿದಾಗುತ್ತದೆ.

ತೂಕಕ್ಕೆ ಅಡಿಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬ ಇಟ್ಟು ಸೊನ್ನೆ ಮಾಡಿ, ಆಮೇಲೆ ಹಾವನ್ನು ಬಿಡಿ. ತಿಂಗಳಿಗೆ ಎರಡು ಸಲ, ಯಾವಾಗಲೂ ಊಟದ ಹಿಂದಿನ ದಿನ, ಹಿಕ್ಕೆ ಹಾಕಿದ ಮೇಲೆ. ಹೊಟ್ಟೆಯಲ್ಲಿ ಇಲಿ ಇರುವಾಗ ತೂಗಿದರೆ ಇಲಿಯನ್ನೂ ಸೇರಿಸಿ ತೂಗಿದ ಹಾಗಾಗುತ್ತದೆ.

ಈಗ ಊಟ. ಮೊದಲ ಎರಡು ತಿಂಗಳು ಹತ್ತು ದಿನಕ್ಕೆ ಒಂದು ಇಲಿ, 25 ಗ್ರಾಂ ಆಸುಪಾಸಿನದ್ದು. ಅವಳ ಮೈಯ ಅತಿ ದಪ್ಪ ಭಾಗಕ್ಕಿಂತ ಇಲಿ ದಪ್ಪ ಇರಬಾರದು. ಆಮೇಲೆ ಹದಿನಾಲ್ಕು ದಿನಕ್ಕೆ ಒಂದು. ಮುದಿ ಇಲಿಯಲ್ಲಿ ಕೊಬ್ಬು ಜಾಸ್ತಿ, ಎಳೆಯದನ್ನೇ ಆರಿಸಿ. ತಿಂಗಳಿಗೆ 10–15 ಗ್ರಾಂ ಇಳಿದರೆ ಸಾಕು, ಒಂದೂವರೆ–ಎರಡು ವರ್ಷ ಹಿಡಿದರೂ ಪರವಾಗಿಲ್ಲ. ಪೆಟ್ಟಿಗೆಯೊಳಗೆ ಹತ್ತಲು ಕೊಂಬೆ ಇಡಿ. ಪೊರೆ ಬಿಡುವ ಮೊದಲು ಕಣ್ಣು ಮಂಜಾದಾಗ ತಿನ್ನದಿದ್ದರೆ ಸುಮ್ನೆ ಬಿಟ್ಟುಬಿಡಿ. ತೋಟದಲ್ಲಿ ಸಿಕ್ಕಿದ ಇಲಿ ಮಾತ್ರ ಯಾವತ್ತೂ ಬೇಡ. ಆಚೆಮನೆಯವರು ಇಲಿಪಾಷಾಣ ಇಟ್ಟಿದ್ದಾರೋ ಇಲ್ಲವೋ ನಮಗೇನು ಗೊತ್ತು? ಫ್ರೋಜನ್ ಇಲಿಯನ್ನು ರಾತ್ರಿ ಫ್ರಿಜ್ಜಿನ ಕೆಳಗಿನ ಅಟ್ಟದಲ್ಲಿಟ್ಟು, ಮರುದಿನ ಕವರಿನಲ್ಲಿ ಕಟ್ಟಿ ಬಿಸಿನೀರಿನಲ್ಲಿಟ್ಟು ಕೊಡಿ.

ಇದನ್ನೆಲ್ಲ ಶುರು ಮಾಡುವ ಮೊದಲು ಒಂದು ಸಂಗತಿ ಖಚಿತ ಮಾಡಿಕೊಳ್ಳಿ. ಅವಳು ಹೆಣ್ಣು. ಹುಂಜ ಇಲ್ಲದೆಯೂ ಕೋಳಿ ಮೊಟ್ಟೆ ಇಡುವ ಹಾಗೆ ಹೆಣ್ಣು ಕಾರ್ನ್ ಸ್ನೇಕ್ ಗಂಡಿಲ್ಲದೆಯೂ ಮೊಟ್ಟೆ ಇಡಬಹುದು. ವರ್ಷದ ಮೊದಲ ತಿಂಗಳುಗಳಲ್ಲಿ ಊಟ ಹೆಚ್ಚಿಸದೆಯೇ ತೂಕ ಏರಿದರೆ, ಮೈಯ ಹಿಂಭಾಗ ಮಾತ್ರ ಉಬ್ಬಿದರೆ, ಇದ್ದಕ್ಕಿದ್ದಂತೆ ಊಟ ಬೇಡವೆಂದರೆ ಅದು ಕೊಬ್ಬಲ್ಲ, ಮೊಟ್ಟೆ ಇರಬಹುದು. ಆಗ ತೂಕ ಇಳಿಸಲು ಹೋಗಬೇಡಿ. ಮೊಟ್ಟೆ ಇಡುವ ಒಂದೆರಡು ವಾರ ಮೊದಲು ಒಮ್ಮೆ ಪೊರೆ ಬಿಡುತ್ತಾಳೆ. ಆ ಹೊತ್ತಿಗೆ ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಪುಡಿ ತುಂಬಿದ ಡಬ್ಬ ಒಳಗಿಡಿ, ಅವಳು ಹೊಗುವಷ್ಟು ತೂತು ಇರಲಿ. ಹೊಟ್ಟೆ ತುಂಬ ನೆಣ ಇರುವ ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಭಯ ಜಾಸ್ತಿ. ನಿಮ್ಮವಳ ತೂಕ ಇಳಿಯಲೇಬೇಕು ಎಂದು ನಾನು ಹೇಳಲು ದೊಡ್ಡ ಕಾರಣ ಇದೇ. ಕೆಲವು ಮೊಟ್ಟೆ ಇಟ್ಟು ನಿಲ್ಲಿಸಿ, ಮರುದಿನವೂ ಉಬ್ಬು ಹಾಗೇ ಉಳಿದರೆ ಕಾಯುತ್ತಾ ಕೂರಬೇಡಿ. ಹಾವು ನೋಡುವ ಪಶುವೈದ್ಯರು ಮಂಗಳೂರಿನಲ್ಲಿ ಯಾರಿದ್ದಾರೆ ಎಂದು ಇವತ್ತೇ ವಿಚಾರಿಸಿ ನಂಬರ್ ಬರೆದಿಡಿ. ಮೊಟ್ಟೆ ಇಟ್ಟ ಮೇಲೆ ಮೈ ಜೋತುಬಿದ್ದು ನೋಡಲು ಸಂಕಟವಾಗುತ್ತದೆ. ಆಗ ಮಾತ್ರ ಸಣ್ಣ ಸಣ್ಣ ಇಲಿ, ಆರೇಳು ದಿನಕ್ಕೊಮ್ಮೆ, ಕೆಲವು ಸಲ ಕೊಡಿ.

ಇನ್ನು ನಮ್ಮ ಮಳೆ. ಎರಡು ವರ್ಷದ ಹಿಂದೆ ಆಟಿ ತಿಂಗಳಲ್ಲಿ ಕೆಂಪಿಗೆ ಒಂದೇ ಸಲಕ್ಕೆ ಎರಡು ಇಲಿ ಕೊಟ್ಟಿದ್ದೆ. ಅವತ್ತು ರಾತ್ರಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಪೆಟ್ಟಿಗೆಗೆ ಬಿಸಿ ಕೊಡುವ ಹೀಟ್ ಮ್ಯಾಟ್ ತಣ್ಣಗಾಯಿತು. ಮೂರನೇ ದಿನ ಬೆಳಿಗ್ಗೆ ಎರಡೂ ಇಲಿ ಹೊರಗೆ ಬಿದ್ದಿದ್ದವು, ಅರ್ಧ ಕರಗಿ, ಕೊಳೆತು. ಅವಳು ಮೂಲೆಯಲ್ಲಿ ಮುದುಡಿಕೊಂಡಿದ್ದಳು. ಆ ವಾಸನೆ ನನಗೆ ಈಗಲೂ ನೆನಪಿದೆ. ಇಲಿ ಕರಗಬೇಕಾದರೆ ಪೆಟ್ಟಿಗೆಯ ಒಂದು ಬದಿ 28–30 ಡಿಗ್ರಿ ಇರಲೇಬೇಕು. ಅದಕ್ಕೇ ಈಗ ಜೋರು ಗಾಳಿಮಳೆಯ ಮುನ್ಸೂಚನೆ ಇದ್ದರೆ ಊಟವನ್ನೇ ಮುಂದೆ ಹಾಕುತ್ತೇನೆ. ಹಾಗೆ ಕಾರಿಕೊಂಡರೆ ಕನಿಷ್ಠ ಹತ್ತು ದಿನ ಏನೂ ಕೊಡಬೇಡಿ, ನೀರು ಮಾತ್ರ. ಆಮೇಲೆ ಅರ್ಧ ಗಾತ್ರದ ಇಲಿಯಿಂದ ಶುರು ಮಾಡಿ. ಏಪ್ರಿಲ್‌ನಲ್ಲಿ ತೊಂದರೆ ಉಲ್ಟಾ: ಕೋಣೆಯೇ 34 ಡಿಗ್ರಿ ದಾಟುತ್ತದೆ. ಹೀಟ್ ಮ್ಯಾಟಿಗೆ ಥರ್ಮೋಸ್ಟಾಟ್ (ಬಿಸಿ ಹೆಚ್ಚಾದಾಗ ತಾನೇ ಆರಿಸುವ ಸಾಧನ) ಹಾಕಿಸಿ, ಪೆಟ್ಟಿಗೆಯನ್ನು ಮನೆಯ ತಂಪಾದ ಕೋಣೆಗೆ ಸಾಗಿಸಿ.

ಒಂದೇ ತಿಂಗಳಲ್ಲಿ 50 ಗ್ರಾಂಗಿಂತ ಜಾಸ್ತಿ ಇಳಿದರೆ ಅಥವಾ ಮೊಟ್ಟೆಯ ಲಕ್ಷಣವೇನೂ ಇಲ್ಲದೆ ಸತತ ಮೂರು ಊಟ ಬಿಟ್ಟರೆ ವೈದ್ಯರಿಗೆ ತೋರಿಸಿ. ಇಲ್ಲದಿದ್ದರೆ ಆರು ತಿಂಗಳ ತೂಕದ ಪಟ್ಟಿ ಮತ್ತು ಮೇಲಿಂದ ತೆಗೆದ ಒಂದು ಫೋಟೋ ಕಳಿಸಿ. ಬಾಲದ ಬುಡ ಸರಿಯಾಗಿ ಕಾಣುವ ಹಾಗೆ ಇರಲಿ.