ಕೆಂಪು, ಹಸಿರು, ಒಂದಿಷ್ಟು ತಕರಾರು: ಗಿಟ್ ಡಿಫ್‌ಗೆ ಬಣ್ಣ ಬಂದ ಬಗೆ

ತೆಗೆದ ಸಾಲು ಕೆಂಪು, ಸೇರಿಸಿದ ಸಾಲು ಹಸಿರು. ಟರ್ಮಿನಲ್‌ನಲ್ಲಿ ಗಿಟ್ ಡಿಫ್ ಹೊಡೆದವರಿಗೆಲ್ಲ ಇದು ಅಭ್ಯಾಸವಾಗಿಬಿಟ್ಟಿದೆ. ಗಿಟ್ ಅಂದರೆ ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಸಾಧನ, ಡಿಫ್ ಅಂದರೆ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಸಾಲುಸಾಲಾಗಿ ತೋರಿಸುವ ಕಮಾಂಡ್. ಆದರೆ 2013ರ ಆಗಸ್ಟ್‌ನಲ್ಲಿ 1.8.4 ಆವೃತ್ತಿ ಬರುವ ತನಕ, ನಾವಾಗಿ ಕೇಳದಿದ್ದರೆ ಗಿಟ್ ಬಣ್ಣ ಹಾಕುತ್ತಲೇ ಇರಲಿಲ್ಲ. ಗಿಟ್ ಹುಟ್ಟಿದ್ದು 2005ರಲ್ಲಿ, ಬಣ್ಣದ ಆಯ್ಕೆ ಬಂದಿದ್ದು 2006ರಲ್ಲಿ. ಅದನ್ನು ತಾನಾಗಿ ಹಚ್ಚೋಕೆ ಮತ್ತೆ ಏಳು ವರ್ಷ ಯಾಕೆ ಬೇಕಾಯ್ತು?

ಡಿಫ್‌ಗೆ ಓದುಗರು ಇಬ್ಬರು. ಅದೇ ಕಾರಣ. 1970ರ ದಶಕದ ಮೊದಲ ಭಾಗದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡಗ್ಲಸ್ ಮೆಕಿಲ್ರಾಯ್ ಡಿಫ್ ಬರೆದಾಗ ಅದು ಮನುಷ್ಯರಿಗೂ ಬೇಕಿತ್ತು, ಬೇರೆ ಪ್ರೋಗ್ರಾಂಗಳಿಗೂ ಬೇಕಿತ್ತು. 1985ರಲ್ಲಿ ಲ್ಯಾರಿ ವಾಲ್ ಅವರ 'ಪ್ಯಾಚ್' ಬಂದ ಮೇಲಂತೂ ಡಿಫ್ ಅನ್ನೋದು ಓದಿ ಬಿಡುವ ವರದಿಯಾಗಿ ಉಳಿಯಲಿಲ್ಲ. ಅದನ್ನು ಮೇಲ್‌ನಲ್ಲಿ ಕಳಿಸಬಹುದು, ಆ ಕಡೆಯವರು ತಮ್ಮ ಕೋಡ್‌ಗೆ ಹಾಗೇ ಹಚ್ಚಬಹುದು. ಲಿನಕ್ಸ್ ಕರ್ನಲ್ ಬೆಳೆದಿದ್ದೇ ಹೀಗೆ.

ಬಣ್ಣ ಅಂದರೆ ಏನು ಅಂತ ಸ್ವಲ್ಪ ಹತ್ತಿರದಿಂದ ನೋಡಿ. ಕೆಂಪು ಸಾಲಿನ ಮುಂದೆ ಗಿಟ್ ಕೆಲವು ಬೈಟ್‌ಗಳನ್ನು ಸೇರಿಸುತ್ತದೆ: ಎಸ್ಕೇಪ್ ಅಕ್ಷರ, ಒಂದು ಚೌಕ ಕಂಸ, 31, ಕೊನೆಗೆ ಎಮ್. ಹಸಿರಾದರೆ 32. ಸಾಲು ಮುಗಿದ ಮೇಲೆ ಬಣ್ಣ ತೆಗೆಯೋಕೆ ಇನ್ನೊಂದು ಸಂಕೇತ. ಟರ್ಮಿನಲ್ ಇವನ್ನು ನುಂಗಿಕೊಂಡು ಬಣ್ಣ ತೋರಿಸುತ್ತದೆ. ಇದೇ ಔಟ್‌ಪುಟ್ ಫೈಲ್‌ಗೆ ಹೋದರೆ ಕಥೆಯೇ ಬೇರೆ. ಸಾಲಿನ ಮೊದಲ ಅಕ್ಷರ ಪ್ಲಸ್ಸೋ ಮೈನಸ್ಸೋ ಅಂತ ನೋಡುವ ಪ್ಯಾಚ್ ಪ್ರೋಗ್ರಾಂಗೆ ಅಲ್ಲಿ ಎಸ್ಕೇಪ್ ಸಿಗುತ್ತದೆ. ಕೆಲಸ ಅಲ್ಲಿಗೆ ಕೆಟ್ಟಿತು.

ಅದಕ್ಕೆ ಕಂಡುಕೊಂಡ ದಾರಿ 'ಆಟೋ'. ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದ್ದರೆ ಮಾತ್ರ ಬಣ್ಣ, ಫೈಲ್‌ಗೋ ಪೈಪ್‌ಗೋ (ಅಂದರೆ ಇನ್ನೊಂದು ಪ್ರೋಗ್ರಾಂಗೆ) ಹೋದರೆ ಇಲ್ಲ. ಇದರಲ್ಲೂ ಒಂದು ವಿನಾಯಿತಿ ಬೇಕಾಯ್ತು. ಉದ್ದದ ಡಿಫ್ ಅನ್ನು ಗಿಟ್ 'ಲೆಸ್' ಎಂಬ ಪೇಜರ್ ಮೂಲಕ ಪುಟಪುಟವಾಗಿ ತೋರಿಸುತ್ತದೆ, ಅದೂ ಪೈಪೇ ಅಲ್ವಾ? ಹಾಗಾಗಿ ತಾನೇ ಪೇಜರ್ ಎಬ್ಬಿಸಿದಾಗ ಬಣ್ಣ ಕೈಬಿಡಬೇಡ ಅಂತ ಗಿಟ್‌ಗೆ ಕಲಿಸಿದರು, ಬಣ್ಣದ ಸಂಕೇತಗಳನ್ನು ಹಾಗೇ ಬಿಡು ಅಂತ ಲೆಸ್‌ಗೂ ಹೇಳಿಸಿದರು.

ತಕರಾರು ಹುಟ್ಟಿದ್ದು 'ಆಲ್ವೇಸ್' ಎಂಬ ಇನ್ನೊಂದು ಆಯ್ಕೆಯಿಂದ. ಏನೇ ಆಗಲಿ ಬಣ್ಣ ಇರಲೇಬೇಕು ಅಂತ ಕೆಲವರು ಗಿಟ್‌ನ ಸೆಟ್ಟಿಂಗ್ ಫೈಲಾದ ಕಾನ್ಫಿಗ್‌ನಲ್ಲಿ ಇದನ್ನು ಹಾಕಿಟ್ಟುಕೊಂಡಿದ್ದರು. 2017ರಲ್ಲಿ 2.14.2 ಬಂದಾಗ, ಒಳಗಿನ ಪುಟ್ಟ ಕಮಾಂಡ್‌ಗಳೂ ಈ ಸೆಟ್ಟಿಂಗ್‌ಗೆ ಕಿವಿಗೊಡತೊಡಗಿದವು. ಬದಲಾವಣೆಯನ್ನು ತುಂಡುತುಂಡಾಗಿ ಆರಿಸಿಕೊಳ್ಳುವ 'ಆಡ್ ಮೈನಸ್ ಪಿ' ಆಗ ಪರ್ಲ್ ಭಾಷೆಯ ಸ್ಕ್ರಿಪ್ಟ್. ಅದು ಒಂದೇ ಡಿಫ್ ಅನ್ನು ಎರಡು ಸಲ ಓಡಿಸುತ್ತಿತ್ತು, ತಾನು ಓದೋಕೆ ಬಣ್ಣವಿಲ್ಲದ್ದು, ನಮಗೆ ತೋರಿಸೋಕೆ ಬಣ್ಣದ್ದು. 'ಆಲ್ವೇಸ್' ಇದ್ದವರ ಹತ್ತಿರ ಮೊದಲನೆಯದಕ್ಕೂ ಬಣ್ಣ ಬಂತು, ಸ್ಕ್ರಿಪ್ಟ್‌ಗೆ ಏನೂ ಅರ್ಥವಾಗಲಿಲ್ಲ. 2.14.3ರಲ್ಲಿ ಸರಿ ಮಾಡಿದರು. ನನ್ನ ಪ್ರಕಾರ 'ಆಲ್ವೇಸ್' ಅನ್ನು ಕಾನ್ಫಿಗ್‌ನಲ್ಲಿ ಇಡಲೇಬಾರದು. ಬೇಕಾದ ಹೊತ್ತಿಗೆ ಕಮಾಂಡ್ ಜೊತೆ ಕೊಟ್ಟರೆ ಸಾಕು.

ಇಷ್ಟೆಲ್ಲ ಬಣ್ಣ ಯಾವಾಗ ಅನ್ನೋ ಪ್ರಶ್ನೆ. ಬಣ್ಣ ಏನು ಹೇಳಬೇಕು ಅನ್ನೋದು ಇದಕ್ಕಿಂತ ಸ್ವಾರಸ್ಯದ್ದು. ಇಡೀ ಸಾಲು ಕೆಂಪು, ಅದರ ಕೆಳಗೆ ಇಡೀ ಸಾಲು ಹಸಿರು. ಬದಲಾಗಿದ್ದು ಒಂದೇ ಒಂದು ಅಲ್ಪವಿರಾಮ. ರಿವ್ಯೂ ಮಾಡುವವರು ಕಣ್ಣು ಕಿರಿದು ಮಾಡಿ ಹುಡುಕಬೇಕು. ಪದ ಮಟ್ಟದಲ್ಲಿ ಬಣ್ಣ ಹಚ್ಚುವ 'ಕಲರ್-ವರ್ಡ್ಸ್' 2006ರಲ್ಲೇ ಬಂದಿತ್ತು. 2011ರಲ್ಲಿ ಜೆಫ್ ಕಿಂಗ್ 'ಡಿಫ್-ಹೈಲೈಟ್' ಎಂಬ ಸ್ಕ್ರಿಪ್ಟ್ ಸೇರಿಸಿದರು. ಅದು ಸಾಲುಗಳನ್ನು ಹಾಗೇ ಉಳಿಸಿ, ಬೇರೆಯಾದ ಭಾಗವನ್ನು ಮಾತ್ರ ಎದ್ದು ಕಾಣಿಸುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಎಡವಟ್ಟಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ 'ಕ'ಗೆ ಮೂರು ಬೈಟ್, ಗುಡಿಸಿಗೆ ಪ್ರತ್ಯೇಕ ಮೂರು ಬೈಟ್. ಡಿಫ್-ಹೈಲೈಟ್ ಮೊದಲು ಬೈಟ್ ಲೆಕ್ಕದಲ್ಲಿ ಹೋಲಿಸುತ್ತಿತ್ತು, ಅಂದರೆ ಬಣ್ಣದ ಸಂಕೇತ ಅಕ್ಷರದ ಹೊಟ್ಟೆಯೊಳಗೇ ಬಂದು ಕೂರಬಹುದಿತ್ತು. 2015ರಲ್ಲಿ ಅದನ್ನು ತಿದ್ದಿದರು. ಆದರೂ 'ಕಿ' ಹೋಗಿ 'ಕೀ' ಆದಾಗ ಬೇರೆಯಾಗಿದ್ದು ಸ್ವರಚಿಹ್ನೆ ಮಾತ್ರ. ಚಿಹ್ನೆಯೊಂದಕ್ಕೇ ಬಣ್ಣ ಹಚ್ಚಲು ಹೋದರೆ ಸಂಕೇತ ವ್ಯಂಜನಕ್ಕೂ ಅದಕ್ಕೂ ನಡುವೆ ತೂರಿಕೊಳ್ಳುತ್ತದೆ. ಎಷ್ಟೋ ಟರ್ಮಿನಲ್‌ಗಳಲ್ಲಿ ಆಗ ಕಾಣೋದು ಚುಕ್ಕಿಗಳ ವೃತ್ತಕ್ಕೆ ಅಂಟಿದ ದೀರ್ಘ. ಕನ್ನಡ ಫೈಲ್‌ಗೆ ಪದಮಟ್ಟದ ಬಣ್ಣವೇ ವಾಸಿ.

2017ರ ಅಕ್ಟೋಬರ್‌ನ 2.15ರಲ್ಲಿ ಸ್ಟೆಫನ್ ಬೆಲ್ಲರ್ ಅವರ 'ಕಲರ್-ಮೂವ್ಡ್' ಬಂತು. ಒಂದು ಫಂಕ್ಷನ್ ಅನ್ನು ಸುಮ್ನೆ ಇನ್ನೊಂದು ಫೈಲ್‌ಗೆ ಎತ್ತಿಟ್ಟರೂ ಡಿಫ್‌ನಲ್ಲಿ ಅದು ನೂರು ಸಾಲು ಕೆಂಪು, ನೂರು ಸಾಲು ಹಸಿರು. ಅದರ ಮಧ್ಯೆ ಒಂದು ಸಾಲು ನಿಜವಾಗಿ ಬದಲಾಗಿದ್ದರೆ ಯಾರ ಕಣ್ಣಿಗೆ ಬೀಳಬೇಕು? ಈಗ ಜಾಗ ಬದಲಿಸಿದ ಸಾಲುಗಳಿಗೆ ಮಜೆಂಟಾ, ಸಯಾನ್. ತಿದ್ದಿದ ಸಾಲು ಮಾತ್ರ ಹಳೆಯ ಕೆಂಪು-ಹಸಿರಲ್ಲೇ ಉಳಿದು ಸಿಕ್ಕಿಬೀಳುತ್ತದೆ. ಬರೀ ಆವರಣ ಚಿಹ್ನೆಯ ಸಾಲುಗಳೆಲ್ಲ 'ಜಾಗ ಬದಲಿಸಿವೆ' ಅನ್ನಿಸದಿರಲಿ ಅಂತ, ಅಕ್ಷರ-ಅಂಕಿ ಸೇರಿ ಕನಿಷ್ಠ 20 ಇಲ್ಲದ ತುಂಡನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಿವ್ಯೂ ಮಾಡುವವರಿಗೆ ಇದಕ್ಕಿಂತ ಉಪಕಾರದ ಬಣ್ಣ ಗಿಟ್‌ನಲ್ಲಿ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ. ಆದರೂ ಡೀಫಾಲ್ಟ್ ಆಗಿ ಅದು ಆನ್ ಇರುವುದಿಲ್ಲ.

ಕೆಂಪು-ಹಸಿರು ಬೇರೆ ಮಾಡಲಾಗದವರ ಪಾಡು ಏನು? ಮಾಮೂಲಿ ಡಿಫ್‌ನಲ್ಲಿ ತೊಂದರೆಯಿಲ್ಲ, ಪ್ಲಸ್ ಮೈನಸ್ ಇದ್ದೇ ಇವೆ. ಕಲರ್-ವರ್ಡ್ಸ್‌ನಲ್ಲಿ ಅವೂ ಇಲ್ಲ. ತೆಗೆದ ಪದ, ಸೇರಿಸಿದ ಪದ ಪಕ್ಕಪಕ್ಕದಲ್ಲಿ, ಗುರುತು ಬಣ್ಣವೊಂದೇ. ಅಂಥವರು 'ವರ್ಡ್-ಡಿಫ್' ಬಳಸಿದರೆ ತೆಗೆದದ್ದು ಚೌಕ ಕಂಸದಲ್ಲಿ, ಸೇರಿಸಿದ್ದು ಪುಷ್ಪ ಕಂಸದಲ್ಲಿ ಬರುತ್ತದೆ. ಕಾನ್ಫಿಗ್‌ನಲ್ಲಿ ಕೆಂಪು-ಹಸಿರಿನ ಬದಲು ಹಳದಿ-ನೀಲಿ ಹಾಕಿಕೊಳ್ಳಲೂ ಬರುತ್ತದೆ. ಕಲರ್-ಮೂವ್ಡ್‌ಗೆ ಮಾತ್ರ ಇನ್ನೂ ಅಂಥ ಅಕ್ಷರದ ಗುರುತಿಲ್ಲ. ಬಣ್ಣ ತೆಗೆದರೆ ಸಾಲು ಎಲ್ಲಿಂದಲೋ ಎದ್ದುಬಂದದ್ದು ಅನ್ನೋ ಸುಳಿವೂ ಹೋಗುತ್ತದೆ.